ಮೊದಲ ಇಳಿತ

ನಮ್ಮ ಮನೆಯ ಕಾಫಿಯಲ್ಲಿ ಬ್ರೇಕ್ ಸುಟ್ಟ ವಾಸನೆ ಬರುತ್ತದೆಂದು ನೆಂಟರು ಹೇಳುತ್ತಾರೆ. ಹೇಳಿಕೊಳ್ಳಲಿ, ಕುಡಿಯುವುದನ್ನೇನೂ ಯಾರೂ ಬಿಟ್ಟಿಲ್ಲ. ಮಸಿನಗುಡಿಯ ಬಸ್ಸು ನಿಲ್ಲುವ ಜಾಗದಿಂದ ಸ್ವಲ್ಪ ಮುಂದೆ, ತಗಡಿನ ಮಾಡಿನ ಕೆಳಗೆ ನನ್ನ ಗ್ಯಾರೇಜು, ಅದರ ಬೆನ್ನಿಗೆ ಅಂಟಿಕೊಂಡೇ ಮನೆ. ನಡುವಿನ ಬಾಗಿಲನ್ನು ನನ್ನ ಹೆಂಡತಿ ರಾಜಮ್ಮ ಮುಚ್ಚುತ್ತಲೇ ಇರುತ್ತಾಳೆ, ನಾನು ತೆರೆಯುತ್ತಲೇ ಇರುತ್ತೇನೆ, ಹೀಗಾಗಿ ಒಗ್ಗರಣೆಯ ಘಮ ಗ್ಯಾರೇಜಿಗೂ ಗ್ರೀಸಿನ ವಾಸನೆ ಅಡುಗೆಮನೆಗೂ ಹೋಗಿ ಬಂದು ಮಾಡಿಕೊಂಡಿವೆ. ಊಟಿಯಿಂದ ಕಲ್ಲಟ್ಟಿ ಘಾಟಿ ಇಳಿದು ಬರುವ ಗಾಡಿಗಳಲ್ಲಿ ಎರಡನೇ ಗೇರಿನಲ್ಲಿ ನಿಧಾನವಾಗಿ ಬಂದವು ನನ್ನತ್ತ ತಿರುಗಿಯೂ ನೋಡದೆ ಮುಂದೆ ಹೋಗುತ್ತವೆ. ದಾರಿಯುದ್ದಕ್ಕೂ ಬ್ರೇಕಿನ ಮೇಲೇ ಕಾಲೂರಿಕೊಂಡು ಬಂದವು ಹೊಗೆಯಾಡುತ್ತ ಬಂದು ನನ್ನ ಬಾಗಿಲಲ್ಲಿ ನಿಲ್ಲುತ್ತವೆ. ಹೊರಗಿನ ಗಾಡಿಗಳನ್ನು ಈಗ ಆ ದಾರಿಯಲ್ಲಿ ಇಳಿಯಲು ಬಿಡುವುದಿಲ್ಲವಾದರೂ ನಮ್ಮ ಸೀಮೆಯ ಜೀಪುಗಳಿಗೆ, ತರಕಾರಿ ಹೊರುವ ಪಿಕಪ್ಪುಗಳಿಗೆ ಕೊರತೆಯೇನಿಲ್ಲ. ಅವುಗಳ ಅವಸರದಿಂದಲೇ ನಮ್ಮ ಒಲೆ ಉರಿದಿದೆ.

ಊರಿನವರು ನನ್ನನ್ನು ಮಿಲ್ಟ್ರಿ ಮಾದಪ್ಪ ಎನ್ನುತ್ತಾರೆ. ಆ ಹೆಸರು ಕೇಳಿದವರು ಮೀಸೆ, ಬಂದೂಕು, ಯುದ್ಧದ ಕಥೆ ಎಲ್ಲವನ್ನೂ ನಿರೀಕ್ಷಿಸಿಕೊಂಡು ಬಂದು, ಗಾಡಿಯ ಹೊಟ್ಟೆಯ ಕೆಳಗಿಂದ ತೆವಳಿಕೊಂಡು ಹೊರಬರುವ ಈ ಸಣಕಲು ಮನುಷ್ಯನನ್ನು ಕಂಡು ಸ್ವಲ್ಪ ನಿರಾಶರಾಗುತ್ತಾರೆ. ನಾನು ಸೇನೆಯಲ್ಲಿ ಬಂದೂಕಿಗಿಂತ ಸ್ಪ್ಯಾನರನ್ನೇ ಹೆಚ್ಚು ಹಿಡಿದವನು. ಉತ್ತರದ ಹಿಮದ ಬೆಟ್ಟಗಳಲ್ಲಿ, ಮೂಗು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳಬೇಕಾದ ಚಳಿಯಲ್ಲಿ, ನಮ್ಮ ಉಸ್ತಾದರು ನಮಗೆ ಕಲಿಸಿದ್ದು ಒಂದೇ ಕಟ್ಟಳೆ: ಬ್ರೇಕ್ ಸರಿಮಾಡಿದವನು ಯಾರೋ ಅವನು ಆ ಗಾಡಿಯ ಮೊದಲ ಇಳಿತದಲ್ಲಿ ಡ್ರೈವರಿನ ಪಕ್ಕದಲ್ಲಿ ಕೂತಿರಬೇಕು. ಕೂರಲು ಮನಸ್ಸಾಗದಿದ್ದರೆ ಮತ್ತೆ ಗಾಡಿಯ ಕೆಳಗೆ ಹೋಗಬೇಕು. ಎಷ್ಟೋ ಸಲ, ಎಲ್ಲ ಮುಗಿಯಿತೆಂದು ಕೈ ಒರೆಸಿಕೊಂಡವನು, ಪಕ್ಕದ ಸೀಟಿನ ನೆನಪಾಗಿ, ಮತ್ತೊಮ್ಮೆ ಮಲಗಿ ಒಂದು ನಟ್ಟನ್ನು ಅರ್ಧ ಸುತ್ತು ಬಿಗಿ ಮಾಡಿದ್ದಿದೆ.

ಪಿಂಚಣಿ ಪಡೆದು ಊರಿಗೆ ಬಂದಾಗ ನಾನು ಅಲ್ಲಿಂದ ಹೊತ್ತು ತಂದದ್ದು ಒಂದು ಟ್ರಂಕು, ಒಂದು ಕಂಬಳಿ, ಮತ್ತು ಈ ಕಟ್ಟಳೆ. ನೀವು ಪೇಟೆಯ ಅಂಗಡಿಗಳಲ್ಲಿ ನೋಡಿರುತ್ತೀರಿ, ಗ್ಯಾರಂಟಿ ಎನ್ನುವುದನ್ನು ಚಂದದ ಚೀಟಿಯಲ್ಲಿ ಅಚ್ಚು ಹಾಕಿಸಿ ಕೊಡುತ್ತಾರೆ. ನನ್ನಲ್ಲಿ ಚೀಟಿ ಇಲ್ಲ. ಗಾಡಿಯಲ್ಲಿ ಹತ್ತಿ ಕೂತ ನನ್ನ ಮೈಯೇ ಗ್ಯಾರಂಟಿ. ಮಾತಿಗೆ ಬೆಲೆ ಬರುವುದು ಮಾತಾಡಿದವನ ಮೈಗೆ ಅದರ ಬಿಸಿ ತಾಕುವ ಹಾಗಿದ್ದಾಗ ಎಂದು ನಾನು ಬಲವಾಗಿ ನಂಬಿಕೊಂಡು, ಅದನ್ನು ಬಂದವರಿಗೆಲ್ಲ, ಕೇಳದಿದ್ದವರಿಗೂ, ಉಪದೇಶ ಮಾಡಿಕೊಂಡು ಬಂದಿದ್ದೆ. ನನ್ನ ಮೈಯನ್ನು ಒತ್ತೆಯಿಡುವುದು ಸುಲಭ ಎನ್ನುವುದು ಹೋದ ತಿಂಗಳವರೆಗೆ ನನಗೆ ತಿಳಿದಿರಲಿಲ್ಲ.

ಹೋದ ತಿಂಗಳು ನನ್ನ ಬಲಗಣ್ಣಿನ ಪೊರೆ ತೆಗೆದರು. ಕಪ್ಪು ಕನ್ನಡಕ ಹಾಕಿ, ಬಗ್ಗಬೇಡ, ಭಾರ ಎತ್ತಬೇಡ, ಧೂಳಿಗೆ ಹೋಗಬೇಡ ಎಂದು ಡಾಕ್ಟರು ಕಳಿಸಿದರು. ಈ ಮೂರನ್ನೂ ಬಿಟ್ಟರೆ ಗ್ಯಾರೇಜಿನಲ್ಲಿ ಉಳಿಯುವುದು ಉಸಿರಾಡುವುದೊಂದೇ. ಕೆಲಸವನ್ನೆಲ್ಲ ಮಗಳು ಮಂಜುಳಾ ನೋಡಿಕೊಳ್ಳತೊಡಗಿದಳು. ಅವಳು ಐಟಿಐನಲ್ಲಿ ಕಲಿತು ಬಂದು, ನನ್ನ ಜೊತೆ ಕೆಲಸ ಮಾಡುತ್ತ ಬಂದವಳು. ಕೈ ಚುರುಕು, ಬಾಯಿ ಇನ್ನೂ ಚುರುಕು. ಆದರೆ ಬ್ರೇಕಿನ ಕೆಲಸವನ್ನು ಮಾತ್ರ ನಾನು ಯಾವತ್ತೂ ಅವಳೊಬ್ಬಳಿಗೇ ಬಿಟ್ಟಿರಲಿಲ್ಲ. ಕೊನೆಯ ಸುತ್ತು ತಿರುಗಿಸುವುದು ನನ್ನ ಕೈಯೇ, ಪಕ್ಕದ ಸೀಟಿನಲ್ಲಿ ಕೂರುವುದೂ ನಾನೇ.

ಹೀಗಿರುವಾಗ ಒಂದು ಬೆಳಿಗ್ಗೆ ಭೋಜ ಫೋನ್ ಮಾಡಿದ. ಭೋಜ ನೀಲಗಿರಿ ಬೆಟ್ಟದ ಬಡಗರವನು, ಕಲ್ಲಟ್ಟಿಯ ಮೇಲಿನ ಹಟ್ಟಿಯಲ್ಲಿ ಮನೆ. ತನ್ನ ಪಿಕಪ್ಪಿನಲ್ಲಿ ಕ್ಯಾರೆಟ್ ತುಂಬಿ ಘಾಟಿ ಇಳಿಸಿ ಮೈಸೂರಿನ ಮಂಡಿಗೆ ಒಯ್ಯುತ್ತಾನೆ. ನನ್ನೊಡನೆ ಅರ್ಧ ಕನ್ನಡ, ಅರ್ಧ ತನ್ನ ಭಾಷೆ, ನಡುನಡುವೆ ತಮಿಳು ಬೆರೆಸಿ ಮಾತಾಡುತ್ತಾನೆ.

"ಮಿಲ್ಟ್ರಿಯಣ್ಣ, ಪೆಡಲ್ ಒತ್ತಿದ್ರೆ ನೆಲಕ್ಕೇ ಹೋಗ್ತದೆ, ಬ್ರೇಕೇ ಇಲ್ಲ. ಲೋಡ್ ಏರ್ಸಾಗಿದೆ, ಇವತ್ತು ಇಳೀಲೇಬೇಕು."

ಬ್ರೇಕಿಲ್ಲದ ಗಾಡಿ ನಮ್ಮಲ್ಲಿಗೆ ಇಳಿದು ಬರುವಂತಿಲ್ಲ. ನಾವೇ ಹತ್ತಿ ಹೋಗಬೇಕು. ನಾನು ಕಪ್ಪು ಕನ್ನಡಕ ಸರಿಮಾಡಿಕೊಂಡು ಎದ್ದೆ. ಮಂಜುಳಾ ಆಗಲೇ ಚೀಲಕ್ಕೆ ಸಾಮಾನು ತುಂಬುತ್ತಿದ್ದಳು.

"ನಾನ್ ಹೋಯ್ತೀನಿ ಬುಡಪ್ಪ. ನೀನು ಕಣ್ಣು ನೋಡ್ಕೋ," ಎಂದವಳು ಊಟಿಯ ಬಸ್ಸು ಹತ್ತಿಯೇಬಿಟ್ಟಳು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ನನಗೆ ಹೊಳೆಯಿತು: ಬ್ರೇಕ್ ಸರಿಮಾಡುವವಳು ಅವಳು; ಅಂದಮೇಲೆ, ನಾನೇ ಬೋಧಿಸಿದ ಕಟ್ಟಳೆಯಂತೆ, ತುಂಬಿದ ಗಾಡಿಯಲ್ಲಿ ಕಲ್ಲಟ್ಟಿ ಇಳಿಯಬೇಕಾದವಳೂ ಅವಳೇ.

ಆಮೇಲಿನ ಹೊತ್ತು ಹೇಗೆ ಕಳೆಯಿತೆಂದು ಕೇಳಬೇಡಿ. ಗ್ಯಾರೇಜಿನಲ್ಲಿ ಕೂತೆ, ಎದ್ದೆ, ಮನೆಯೊಳಗೆ ಹೋದೆ, ನೀರು ಕುಡಿಯದೆ ಚೊಂಬು ಹಿಡಿದುಕೊಂಡು ಹೊರಗೆ ಬಂದೆ, ಚೊಂಬನ್ನು ಯಾರದೋ ಜೀಪಿನ ಬಾನೆಟ್ಟಿನ ಮೇಲಿಟ್ಟು ಮರೆತೆ. ಮನಸ್ಸು ಘಾಟಿಯ ಒಂದೊಂದು ತಿರುವಿಗೂ ಹೋಗಿ ನಿಂತು, ಕೆಳಗಿನ ಕಣಿವೆಯನ್ನು ಇಣುಕಿ ನೋಡಿ, ಮತ್ತೆ ಹಿಂದಕ್ಕೆ ಓಡಿ ಬರುತ್ತಿತ್ತು. ರಾಜಮ್ಮ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಆ ನೆಮ್ಮದಿ ಕಂಡು ನನಗೆ ಸಿಟ್ಟೇ ಬಂತು.

"ಮಗಳು ಘಾಟಿ ಇಳೀತಾಳೆ, ನಿನಗೇನೂ ಅನ್ಸೋದಿಲ್ವಾ?"

ಅವಳು ತಲೆಯೆತ್ತದೆ ಹೇಳಿದಳು: "ನಂಗೆ ಅಭ್ಯಾಸ ಆಗೋಗದೆ. ನೀವು ಹೊಸಬ್ರು, ಅದಕ್ಕೇ ಇಂಗಾಡ್ತೀರಿ."

ಹೊಸಬ! ಇಷ್ಟು ವರ್ಷ ಗಾಡಿಯೊಳಗೆ ಕೂತು ಇಳಿದವನಿಗೆ ಗೊತ್ತಿರುವುದು ಇಂಜಿನ್ನಿನ ಸದ್ದು, ಪೆಡಲಿನ ಗಟ್ಟಿತನ, ಎದುರಿನ ದಾರಿ. ಅಷ್ಟರಲ್ಲಿ ಭಯಕ್ಕೆ ಪುರುಸೊತ್ತೇ ಇರುವುದಿಲ್ಲ. ಭಯವೆಲ್ಲ ಮನೆಯಲ್ಲಿ ಕೂತವರ ಪಾಲಿಗೆ ಬರುತ್ತದೆ. ಅದನ್ನು ಇವಳು ಅವರೆಕಾಯಿಯ ಜೊತೆಗೆ ಸುಲಿದು ಸುಲಿದು ಬುಟ್ಟಿಗೆ ಹಾಕಿದ್ದಾಳೆ, ನಾನೋ ಅಕ್ಷರಾಭ್ಯಾಸಕ್ಕೆ ಕೂತಿದ್ದೇನೆ.

ತಡೆಯಲಾರದೆ ಮಗಳಿಗೆ ಫೋನ್ ಮಾಡಿದೆ. "ಕೆಲ್ಸ ಮುಗೀತಪ್ಪ," ಎಂದಳು. "ಬ್ರೇಕ್ ಪೈಪಲ್ಲಿದ್ದ ಗಾಳಿ ಎಲ್ಲ ತೆಗ್ದಾಯ್ತು, ಪೆಡಲ್ ಗಟ್ಟಿಯಾಗದೆ."

"ಭೋಜ ಒಬ್ನೇ ಇಳೀಲಿ. ನೀನು ಬಸ್ಸಲ್ಲಿ ಬಾ."

"ಕೇಳುಸ್ತಪ್ಪ," ಎಂದು ಫೋನ್ ಇಟ್ಟುಬಿಟ್ಟಳು.

ಈಗ ನೆಮ್ಮದಿಯಾಗಬೇಕಿತ್ತಲ್ಲವೇ? ಆಗಲಿಲ್ಲ. ಭೋಜನಿಗೂ ಮನೆಯಿದೆ, ಹೆಂಡತಿಯಿದ್ದಾಳೆ, ಎರಡು ಹೆಣ್ಣುಮಕ್ಕಳಿದ್ದಾರೆ. ನನ್ನ ಮಗಳನ್ನು ಕೂರಿಸಲು ಮನಸ್ಸು ಬಾರದ ಗಾಡಿಯಲ್ಲಿ ಅವನೊಬ್ಬನನ್ನೇ ಇಳಿಯಲು ಬಿಟ್ಟಿದ್ದೆ. ನಾಚಿಕೆಯಾಯಿತು, ಮೈಯೆಲ್ಲ ಸಣ್ಣಗಾದ ಹಾಗೆ ಆಯಿತು. ಫೋನನ್ನು ಕೈಗೆತ್ತಿಕೊಂಡೆ, ಕೆಳಗಿಟ್ಟೆ, ಮತ್ತೆ ಎತ್ತಿಕೊಂಡೆ. ಮಾತು ಹಿಂದಕ್ಕೆ ತೆಗೆದುಕೊಂಡರೆ ಮಗಳು ಗಾಡಿ ಹತ್ತುತ್ತಾಳೆ. ತೆಗೆದುಕೊಳ್ಳದಿದ್ದರೆ ನಾನು ಇಷ್ಟು ವರ್ಷ ಜನರೆದುರು ಆಡಿದ ಮಾತೆಲ್ಲ ಬರೀ ಬಾಯಿಮಾತು. ಎರಡರಲ್ಲಿ ಒಂದನ್ನೂ ಆರಿಸಲಾಗದ ಹೇಡಿ ಮಾಡುವ ಕೆಲಸವನ್ನೇ ನಾನೂ ಮಾಡಿದೆ: ಸಿಕ್ಕಿದ ಜೀಪು ಹತ್ತಿ ಘಾಟಿಯ ಬುಡದ ಮಾವನಹಳ್ಳಕ್ಕೆ ಹೋದೆ.

ಅಲ್ಲಿನ ಚಹದಂಗಡಿಯವನು ಬೆಂಚನ್ನು ಒರೆಸಿ, "ಉಕ್ಕಾರುಂಗ ಅಣ್ಣೆ," ಎಂದ. ಕೂತುಕೊಳ್ಳಿ ಎಂದು ತಮಿಳಿನಲ್ಲಿ ಹೇಳಿದರೂ ಕನ್ನಡದಲ್ಲಿ ಹೇಳಿದರೂ ಆ ದಿನ ನನ್ನ ಕಾಲಿಗೆ ತಿಳಿಯುವಂತಿರಲಿಲ್ಲ. ಬೆಟ್ಟದ ಕಡೆಗೆ ಕಿವಿಯಿಟ್ಟು ರಸ್ತೆಯ ಈ ಬದಿಯಿಂದ ಆ ಬದಿಗೆ ನಡೆದೆ. ಒಂದು ಬೈಕು ಬಂತು. ಒಂದು ರೆಸಾರ್ಟಿನ ಜೀಪು ಬಂತು. ಕೊನೆಗೆ ಊಟಿಯ ಬಸ್ಸು ಬಂದು ನಿಂತಿತು. ಒಂದು ಕಣ್ಣು ಮಂಜು, ಎರಡರ ಮೇಲೂ ಕಪ್ಪು ಕನ್ನಡಕ. ಕಿಟಕಿಯಿಂದ ಕಿಟಕಿಗೆ ಹುಡುಕಿದೆ. ಸೊಪ್ಪಿನ ಮೂಟೆಯ ಹೆಂಗಸರಿದ್ದರು, ಶಾಲೆಯ ಮಕ್ಕಳಿದ್ದರು, ಮಂಜುಳಾ ಇರಲಿಲ್ಲ. ಬಸ್ಸು ಹೊರಟುಹೋಯಿತು.

ಆಮೇಲೆ ಕೇಳಿಸಿತು. ಮೇಲಿನ ತಿರುವಿನಲ್ಲಿ, ಎರಡನೇ ಗೇರಿನಲ್ಲಿ, ಭಾರ ಹೊತ್ತ ಇಂಜಿನ್ನು ಗೊಣಗುತ್ತ ಇಳಿಯುವ ಸದ್ದು. ಅವಸರವಿಲ್ಲ, ಕೀರಲು ಸದ್ದಿಲ್ಲ, ಸುಟ್ಟ ವಾಸನೆಯಿಲ್ಲ. ಪಿಕಪ್ಪು ಬಂದು ಅಂಗಡಿಯೆದುರು ನಿಂತಿತು. ಭೋಜ ಸ್ಟಿಯರಿಂಗಿನ ಹಿಂದೆ ಹಲ್ಲು ಬಿಡುತ್ತಿದ್ದ. ಪಕ್ಕದ ಸೀಟಿನಿಂದ ಮಂಜುಳಾ ಇಳಿದವಳು ನನ್ನನ್ನು ನೋಡಿಯೂ ನೋಡದವಳಂತೆ ಮೊದಲು ಚಕ್ರಗಳ ಬಳಿ ಹೋಗಿ, ಅಂಗೈಯನ್ನು ಹತ್ತಿರ ಹಿಡಿದು ಬಿಸಿ ನೋಡಿದಳು. "ಎಡಕ್ಕೂ ಬಲಕ್ಕೂ ಒಂದೇ ಬಿಸಿ," ಎಂದಳು. ಬ್ರೇಕು ಎರಡೂ ಕಡೆ ಸಮನಾಗಿ ಹಿಡಿದಿದೆ ಎಂದರ್ಥ.

"ಬಸ್ಸಲ್ಲಿ ಬಾ ಅಂದಿದ್ನಲ್ಲ?" ಎಂದೆ.

"ಫೋನ್ ಮಾಡಿದ್ದು ಅಪ್ಪ. ಕೆಲ್ಸ ಕಲಿಸಿದ ಮೇಸ್ತ್ರಿ ಏನಾದ್ರೂ ಫೋನ್ ಮಾಡ್ತಾರೇನೋ ಅಂತ ಒಂಚೂರು ಹೊತ್ತು ಕಾದೆ. ಮಾಡ್ನಿಲ್ಲ. ಅದಕ್ಕೇ ಹತ್ತಿ ಕುಂತ್ಕಂಡೆ."

ಭೋಜ ಜೋರಾಗಿ ನಕ್ಕ. ನನಗೂ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಕಪ್ಪು ಕನ್ನಡಕಕ್ಕೆ ಆ ದಿನ ಮೊದಲ ಬಾರಿಗೆ ಕೃತಜ್ಞನಾದೆ.

ಮಸಿನಗುಡಿಗೆ ಅವರ ಜೊತೆಯಲ್ಲೇ ಹೊರಟೆ. ಮುಂದೆ ಡ್ರೈವರಿನ ಪಕ್ಕ ಇದ್ದದ್ದು ಒಂದೇ ಸೀಟು. ಮಂಜುಳಾ ನನ್ನ ಮುಖ ನೋಡಿದಳು. ನಾನು ಹಿಂದಕ್ಕೆ ಹೋಗಿ ಕ್ಯಾರೆಟ್ ಮೂಟೆಗಳ ಮೇಲೆ ಹತ್ತಿ ಕೂತೆ. ಡಾಕ್ಟರು ಬೇಡವೆಂದದ್ದನ್ನೆಲ್ಲ ಒಂದೇ ಏಟಿಗೆ ಮುಗಿಸಿದಂತಾಯಿತು. ಮಣ್ಣಿನ ಹಸಿ ವಾಸನೆ, ಮುಖಕ್ಕೆ ಬಿಸಿಗಾಳಿ, ಎರಡೂ ಕಡೆ ಒಣಗಿದ ಕುರುಚಲು ಕಾಡು. ಯಾರ ಗಾಡಿಯಲ್ಲಿ ಕೂತರೂ ನನ್ನ ಬಲಗಾಲು ಸುಮ್ಮನಿರುವುದಿಲ್ಲ. ಬಸ್ಸಿರಲಿ, ರೈಲೇ ಇರಲಿ, ಇಲ್ಲದ ಬ್ರೇಕನ್ನು ಒತ್ತುತ್ತಲೇ ಇರುತ್ತದೆ. ಮೂಟೆಗಳ ನಡುವೆಯೂ ಅದು ತನ್ನ ಜಾಗ ಹುಡುಕಿಕೊಂಡಿತ್ತು. ಅಷ್ಟರಲ್ಲಿ ಪೊದೆಯೊಳಗಿಂದ ಜಿಂಕೆಗಳ ಹಿಂಡೊಂದು ರಸ್ತೆಗೆ ನುಗ್ಗಿತು.

ನನ್ನ ಕಾಲು ಒತ್ತುವ ಮೊದಲೇ ಗಾಡಿ ನಿಂತಿತ್ತು.