ರುಮಾಲಿನ ಕೆಳಗಿನ ಕೈ

ಮದುವೆಮನೆಯಲ್ಲಿ ಅರಿಶಿಣ ಹಚ್ಚುವಾಗ ಸುತ್ತಲಿನವರೆಲ್ಲ ನಗುತ್ತಿರುತ್ತಾರೆ. ಆ ಹಸಿ ವಾಸನೆ ಮೂಗಿಗೆ ಬಡಿದರೆ ನನಗೆ ಮಾತ್ರ ಮೇಲ್ತುಟಿ ಜುಮ್ಮೆನ್ನುತ್ತದೆ. ಸಾಂಗ್ಲಿಯ ನಮ್ಮ ಮನೆಯ ಹಿಂದೆ ಅರಿಶಿಣ ಒಣಹಾಕುವ ದೊಡ್ಡ ಅಂಗಳವಿತ್ತು. ಸುಗ್ಗಿ ಮುಗಿದು ಚೀಲಗಳೆಲ್ಲ ಪೇಟೆ ಸೇರಿದ ಮೇಲೆ ಕಾಕಾ, ಅಂದರೆ ಅಪ್ಪನ ತಮ್ಮ, ಆ ಗಟ್ಟಿ ನೆಲದ ಮೇಲೆ ಸುಣ್ಣದ ಗೆರೆ ಎಳೆದು ಟೆನಿಸ್ ಬಲೆ ಕಟ್ಟುತ್ತಿದ್ದರು. ಎಷ್ಟು ಗುಡಿಸಿದರೂ ನೆಲದ ಹಳದಿ ಹೋಗುತ್ತಿರಲಿಲ್ಲ. ಚೆಂಡು, ಸಾಕ್ಸು, ನನ್ನ ಮೊಣಕಾಲು, ಎಲ್ಲವೂ ಹಳದಿ. ಬಟ್ಟೆ ಒಗೆಯುವಾಗ ಅವ್ವ ಮೈದುನನಿಗೆ ಕೇಳುವಂತೆಯೇ ಗೊಣಗುತ್ತಿದ್ದಳು.

ನಾನು ಬಲೆಯ ಹತ್ತಿರ ಹೋಗುತ್ತಿರಲಿಲ್ಲ. ಒಮ್ಮೆ ಹೋದಾಗ ಚೆಂಡು ಬಾಯಿಗೆ ಬಡಿದು ತುಟಿ ಸೀಳಿತ್ತು. ಕಾಕಾ ಅಲ್ಲೇ ಕುಳ್ಳಿರಿಸಿ ಗಾಯಕ್ಕೆ ಅರಿಶಿಣಪುಡಿ ಒತ್ತಿದ್ದರು. ಆಮೇಲೆ ಹಿಂದಿನ ಗೆರೆಯೇ ನನ್ನ ತವರಾಯಿತು. "ಗೌರಾ, ಚೆಂಡು ಎದುರಿನಾಕಿ ಕಾಲಹಂತೇಕ ಹೋಗೂಹಂಗ ಹೊಡಿ, ಅದರ ಬೆನ್ನಹಿಂದನ ಓಡು. ಅಕಿ ಹೊಡಿಯೂ ಹೊತ್ತಿಗೆ ಗಪ್ಪನೆ ನಿಂದ್ರು," ಎನ್ನುತ್ತಿದ್ದರು. ನಾನು ಅರ್ಧ ಓಡಿ ಹಿಂದಿರುಗುತ್ತಿದ್ದೆ. ಬಲೆಯೆದುರು ನನ್ನ ಮುಷ್ಟಿ ಕಲ್ಲಾಗಿಬಿಡುತ್ತಿತ್ತು.

ಆಗ ಪೇಟೆಯಲ್ಲಿ ಅರಿಶಿಣದ ದರವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕೊಳ್ಳುವವನೂ ಮಾರುವವನೂ ಕೈಗಳ ಮೇಲೆ ರುಮಾಲು ಹೊದಿಸಿ, ಒಳಗೆ ಬೆರಳು ಒತ್ತಿ ದರ ಮಾತಾಡುವರು. ಒಪ್ಪಿಗೆಯಾದರೆ ಪೂರ್ತಿ ಮುಷ್ಟಿ ಹಿಡಿಯುವರು, ಅಲ್ಲಿಗೆ ಸೌದಾ ಮುಗಿದಂತೆ. ಅದರಲ್ಲಿ ಕಾಕಾ ಪಳಗಿದ ಕೈ. ಒಂದು ಸಂಜೆ ನನ್ನ ಕೈಯ ಮೇಲೂ ರುಮಾಲು ಹಾಕಿ ಬೆರಳು ಹಿಡಿದರು. "ಬಿಗಿ ಹಿಡೀಬ್ಯಾಡ. ಬಿಗಿ ಹಿಡದ್ರ ನಿನಗ ಎಷ್ಟು ಬೇಕಾಗೇತಿ ಅಂತ ಎದುರಿನವ್ರಿಗೆ ತಿಳೀತೈತಿ. ರ‍್ಯಾಕೆಟ್ಟೂ ಹಂಗ. ಚೆಂಡು ತಾಕೂಮುಂದ ಅಷ್ಟ ಗಟ್ಟಿ ಮಾಡು."

ಅದೇ ವರ್ಷ ಅಜ್ಜ ಅಂಗಳದಲ್ಲಿ ಗೋದಾಮು ಕಟ್ಟುವ ಮಾತು ತೆಗೆದರು. ಕಾಕಾ ಎದುರಾಡಲಿಲ್ಲ, ಊಟ ಬಿಟ್ಟರು. ಕೊನೆಗೆ ಅಜ್ಜ ನನ್ನತ್ತ ತಿರುಗಿ, "ಮಿರಜದಾಗ ಮ್ಯಾಚ್ ಐತೆಲ್ಲಾ, ಗೆದ್ದು ಬಾ. ಗೆದ್ರ ಅಂಗಳ ನಿಂದು," ಎಂದರು. ಹುಡುಗಿಯ ತಲೆಯ ಮೇಲೆ ಇಡೀ ಅಂಗಳ ಹೊರಿಸಿ ಆ ಮನುಷ್ಯ ನಿಶ್ಚಿಂತೆಯಿಂದ ಎಲೆಯಡಿಕೆ ಹಾಕಿಕೊಂಡರು.

ಮಿರಜದಲ್ಲಿ ಎದುರಾದವಳು ನನಗಿಂತ ಗೇಣುದ್ದ ಎತ್ತರ. ಹಿಂದೆಯೇ ನಿಂತು ನಿಂತು ಸೋಲಿನ ಅಂಚಿಗೆ ಬಂದೆ. ಇನ್ನೊಂದು ಪಾಯಿಂಟ್ ಹೋದರೆ ಎಲ್ಲ ಮುಗಿಯುತ್ತಿತ್ತು. ತಂತಿಬೇಲಿಯಾಚೆ ಕಾಕಾ ಕೂತಿದ್ದರು. ಮುಖ ಪೇಟೆಯಲ್ಲಿದ್ದಂತೆಯೇ, ಓದಲು ಒಂದಕ್ಷರವಿಲ್ಲ. ತೊಡೆಯ ಮೇಲಿನ ರುಮಾಲಿನಡಿ ಕೈ ಮಾತ್ರ ಅಲುಗುತ್ತಿತ್ತು. ಅಷ್ಟರಲ್ಲಿ ಅವಳ ಚೆಂಡು ಗಿಡ್ಡ ಬಿತ್ತು. ಅವಳ ಎಡಮೂಲೆಗೆ ಉದ್ದ ಹೊಡೆದು ಬಲೆಯತ್ತ ಓಡಿದೆ. ಅವಳ ತೋಳು ಹಿಂದೆ ಹೋಯಿತು, ನಿಂತೆ. ಚೆಂಡು ನೇರ ಬಾಯಿಯತ್ತಲೇ ಬಂತು. ತುಟಿಯ ಹಳೆಯ ಗಾಯ ಉರಿಯಿತು, ಕಣ್ಣು ಮುಚ್ಚಲಿಲ್ಲ. ಬೆರಳು ಸಡಿಲಿಸಿದೆ, ತಾಕುವಾಗ ಹಿಡಿದೆ. ಬೀಸಲಿಲ್ಲ, ತಡೆದೆ ಅಷ್ಟೇ. ಚೆಂಡು ಬಲೆಯಾಚೆ ಮೆತ್ತಗೆ ಬಿದ್ದು ಸತ್ತುಹೋಯಿತು. ಆಮೇಲೆ ಪ್ರತಿ ಸಲ ಮುಂದೆ ಹೋದೆ. ನನ್ನ ಚಾಳಿ ಅವಳಿಗೂ ತಿಳಿಯಿತು. ಕೊನೆಯ ಚೆಂಡನ್ನು ನನ್ನ ತಲೆಯ ಮೇಲಿಂದ ಎತ್ತಿ ಹಾಕಿದಳು. ಸೋತೆ.

ಅಂಗಳ ಕಳೆದೆನೆಂದು ಅಳುತ್ತ ಹೊರಬಂದರೆ ಕಾಕಾ ನನ್ನ ಕೈಯ ಮೇಲೆ ರುಮಾಲು ಹಾಕಿ, ಪೂರ್ತಿ ಮುಷ್ಟಿ ಹಿಡಿದರು. "ಆತು, ನನ್ನ ಸೌದಾ ಮುಗೀತು. ಮುಂದ ಹೋದಿ ಅಲ್ಲಾ?" ಎಂದರು. ಮುಂದಿನ ಸುಗ್ಗಿಯೊಳಗೆ ಗೋದಾಮು ಎದ್ದಿತು. ಕಾಕಾ ಆ ಬಲೆಯನ್ನು ಮಡಚಿ ಅಟ್ಟಕ್ಕೆ ಹಾಕಿದವರು ಮತ್ತೆ ಇಳಿಸಲಿಲ್ಲ.

ಈಗ ಅಜ್ಜನಿಲ್ಲ, ಮನೆ ಮಾರಿ ಹೋಗಿದೆ, ಅರಿಶಿಣದ ದರ ಮೊಬೈಲಿಗೆ ಬರುತ್ತದೆ. ಹೋದ ಮಳೆಗಾಲ ಕಾಕಾನನ್ನು ಮಿರಜದ ಆಸ್ಪತ್ರೆಯಲ್ಲಿ ಮಲಗಿಸಿದ್ದರು. ಮಾತು ನಿಂತಿತ್ತು, ಮುಖ ಎಂದಿನಂತೆ ಏನೂ ಹೇಳುತ್ತಿರಲಿಲ್ಲ. ಚಾದರದ ಕೆಳಗೆ ಕೈ ತೂರಿಸಿ ಅವರ ಬೆರಳು ಹುಡುಕಿದೆ. ಬಿಗಿ ಹಿಡಿಯಬಾರದೆಂದು ಅವರೇ ಕಲಿಸಿದ್ದರು; ನನಗೆ ಎಷ್ಟು ಬೇಕಾಗಿದೆಯೆಂದು ಅವರಿಗೆ ತಿಳಿಯಲಿ ಎಂದೇ ನಾನು ಬಲವಿದ್ದಷ್ಟೂ ಬಿಗಿ ಹಿಡಿದೆ.