ಹೊಗೆ ಇಳಿದ ಚಹಾ

ಮೊಣಕಾಲು ನೋವಿನವರು ಸ್ಟೂಲು ಹತ್ತಬಾರದು. ಮೊನ್ನೆ ಹತ್ತಿದೆ. ಅಟ್ಟ ಚೊಕ್ಕ ಮಾಡುವ ಉತ್ಸಾಹ ಎರಡು ಡಬ್ಬಿ ಇಳಿಸುವಷ್ಟರಲ್ಲಿ ತೀರಿತು. ಮೂರನೆಯದು ಚೀನೀ ಅಕ್ಷರಗಳ ತಗಡಿನ ಡಬ್ಬಿ. ಅದನ್ನು ಕಂಡು ಕೆಳಗಿಳಿದು ಸುಮ್ಮನೆ ಕೂತುಬಿಟ್ಟೆ. ಹದಿನೆಂಟು ವರ್ಷದಿಂದ ನಾನು ಅದರ ಮುಚ್ಚಳ ತೆಗೆದಿರಲಿಲ್ಲ.

ಆಗ ಹಿರಿಯೂರಿನ ಒಂದು ಬೀಜದ ಕಂಪನಿಯ ಲ್ಯಾಬಿನಲ್ಲಿ ನಾನು ಸಹಾಯಕಿ. ನಾಗವೇಣಿ ಮೇಡಂ ನನ್ನ ಮೇಲಿನವರು. ತರಬೇತಿಗೆಂದು ಚೀನಾಕ್ಕೆ ಹೋದವರು ಅಲ್ಲಿನ ಕಪ್ಪು ಚಹಾ ತಂದರು. ಕಟ್ಟಿಗೆಯ ಹೊಗೆಯಲ್ಲಿ ಒಣಗಿಸಿದ್ದು. ಹಾಲಿಲ್ಲ, ಸಕ್ಕರೆಯಿಲ್ಲ. ಒಂದೇ ಗುಟುಕಿಗೆ, ಹಸಿ ಸೌದೆ ಊದಿ ಊದಿ ಒಲೆ ಹಚ್ಚಿದ ದಿನಗಳೆಲ್ಲ ನನ್ನ ಗಂಟಲಿಗೆ ಬಂದವು.

"ಮುಖ ಯಾಕೆ ಹಂಗೆ ಮಾಡ್ತೀಯೇ?" ಎಂದು ಮೇಡಂ ನಕ್ಕರು. "ಒಂದು ಡಬ್ಬಿ ನೀನು ಇಟ್ಕ. ವರ್ಷ ಕಳೆದಂಗೆ ಹೊಗೆ ಇಳಿದು ರುಚಿ ಮೆತ್ತಗಾಗ್ತೈತಂತೆ."

ಮುಂದಿನ ಮುಂಗಾರಿಗೆ, ಮೊಳಕೆ ಪರೀಕ್ಷೆಯಲ್ಲಿ ನಾನು ಎರಡು ರಾಶಿ ಈರುಳ್ಳಿ ಬೀಜದ ಚೀಟಿಗಳನ್ನು ಅದಲುಬದಲಾಗಿ ಬರೆದೆ. ಮೊಳೆಯದ ಬೀಜ ಯಲ್ಲದಕೆರೆ ಕಡೆಯ ಹೊಲಗಳಿಗೆ ಹೋಯಿತು. ರೈತರು ಬಂದು ಗೇಟಿನ ಮುಂದೆ ಕೂತರು. ಯಾರ ತಪ್ಪು ಎಂದು ಮ್ಯಾನೇಜರ್ ಕೇಳಿದಾಗ ಮೇಡಂ, "ವರದಿ ಮೇಲೆ ಸಹಿ ನಂದೇ ಐತಲ್ಲ, ತಪ್ಪೂ ನಂದೇ," ಎಂದರು. ಪಕ್ಕದಲ್ಲೇ ನಿಂತಿದ್ದ ನಾನು ಬಾಯಿ ಬಿಡಲಿಲ್ಲ. ಅವರು ಕೆಲಸ ಬಿಟ್ಟು ಹೊಸದುರ್ಗಕ್ಕೆ ಹೋದರು. ನಾನು ನಿವೃತ್ತಿಯಾಗುವವರೆಗೂ ಅಲ್ಲೇ ಇದ್ದೆ. ನೀವೇ ಹೇಳಿ, ಆ ಡಬ್ಬಿಯನ್ನು ಹೇಗೆ ತೆಗೆಯಲಿ? ಎಸೆಯುವ ಧೈರ್ಯವೂ ಬರಲಿಲ್ಲ.

ಮೊನ್ನೆ ತೆಗೆದೆ. ಹೊಗೆಯ ಘಾಟು ಹೋಗಿತ್ತು. ಕುದಿಸಿದರೆ ಮೊದಲಿನ ಒಗರೂ ಇಲ್ಲ. ಖರ್ಜೂರದಂಥ ಮಂದ ಸಿಹಿ, ಹಳೆಯ ಮರದ ಪೆಟ್ಟಿಗೆಯ ವಾಸನೆ. ಏನೂ ಮಾಡದೆ ಕತ್ತಲಲ್ಲಿ ಕೂತೇ ಅದು ಹದವಾಗಿತ್ತು. ನಾನೂ ಅಷ್ಟೇ ವರ್ಷ ಸುಮ್ಮನೆ ಕೂತಿದ್ದೆ, ಬರೀ ದಣಿದಿದ್ದೆ.

ಮರುದಿನ ಡಬ್ಬಿ ಹಿಡಿದು ಹೊಸದುರ್ಗದ ಬಸ್ಸು ಹತ್ತಿದೆ. ಬಾಗಿಲು ತೆಗೆದ ಮೇಡಂ ಪೂರ್ತಿ ನರೆತಿದ್ದರು. "ಬಾ, ಕುಂತ್ಕ," ಎಂದರು, ವಾರದ ಹಿಂದೆ ನೋಡಿದವರ ಹಾಗೆ. ಅವರ ಅಡುಗೆಮನೆಯಲ್ಲೇ ಚಹಾ ಮಾಡಿ ಕೊಟ್ಟೆ. ಕುಡಿದು, "ಚೆನ್ನಾಗಿ ಆಗೈತೆ ಕಣೇ," ಎಂದರು.

"ಮೇಡಂ, ಅವತ್ತು ಆ ಚೀಟಿ ಬರ್ದಿದ್ದು..."

"ನಿನ್ನ ಅಕ್ಷರ ನಂಗೆ ಗೊತ್ತಿಲ್ವೇನೇ?" ಲೋಟ ಕೆಳಗಿಟ್ಟರು. "ನೀನೇ ಬಂದು ಹೇಳ್ತೀಯ ಅಂತ ಒಂದು ವರ್ಷ ಕಾದೆ. ಆಮೇಲೆ ಕಾಯಾಕೂ ಸುಸ್ತಾತು."

ನನಗೆ ಅಳುವುದಕ್ಕೂ ಶಕ್ತಿ ಇರಲಿಲ್ಲ. ಕ್ಷಮಿಸಿ ಎಂದೆ. ಅವರು ಸೊಂಟ ಹಿಡಿದುಕೊಂಡು ಎದ್ದು, ಮೊರಕ್ಕೆ ಅಕ್ಕಿ ಸುರಿದುಕೊಂಡರು. ನನ್ನತ್ತ ಒಮ್ಮೆ ನೋಡಿ, ಇನ್ನೊಂದು ಹಿಡಿ ಹಾಕಿದರು.