ಅರ್ಧ ಕಪ್ ಚಹಾ ಮತ್ತು ನನ್ನ ನಿದ್ದೆ

ಮಗಳು ಪವಾಯಿಯ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಹೆರಿಗೆ ರಜೆ ಮುಗಿಯುವ ಹೊತ್ತಿಗೆ ಅವಳಿಗೆ ರಾತ್ರಿ ಪಾಳಿ ಬಿತ್ತು. ಅಳಿಯ ಕಂಪನಿಯ ಕೆಲಸಕ್ಕೆಂದು ಸದಾ ಊರೂರು ತಿರುಗುವವನು. ಹತ್ತಿರದ ಭಾಂಡುಪ್‌ನಲ್ಲೇ ನಾವಿರುವಾಗ ಚಿಂತೆಯೇನು, ಮೊಮ್ಮಗಳು ನನ್ನ ಪಕ್ಕದಲ್ಲೇ ಮಲಗುತ್ತಾಳೆ ಎಂದುಕೊಂಡು ನಾನು ಹಳೆಯ ಕಾಟನ್ ಸೀರೆಗಳನ್ನು ಕತ್ತರಿಸಿ ಪುಟ್ಟ ಕೌದಿ ಹೊಲಿದಿಟ್ಟೆ. ಮಗಳು ಬಂದಳು, ಕೌದಿಯನ್ನು ಮುಟ್ಟಿ ನೋಡಿದಳು, ಆಮೇಲೆ ನೆಲ ನೋಡುತ್ತ ಹೇಳಿದಳು:

“ಅವ್ವಾ, ಸಿಟ್ಟಾಗಬ್ಯಾಡ. ರಾತ್ರಿ ಬೇಬೀನ್ನ ನಿನ್ನ ಹತ್ರ ಬಿಡಂಗಿಲ್ಲ, ಆಯಾ ಇಟ್ಕೋತೇನಿ. ನಿದ್ದಿ ಗುಳಿಗಿ ತೊಗೊಂಡ ಮ್ಯಾಲೆ ನೀ ಏಳಂಗಿಲ್ಲ. ಆಕಿ ಅತ್ತರ ಯಾರು ಕೇಳವ್ರು?”

“ನಿಮ್ಮಪ್ಪ ಅದಾರಲ್ಲ?”

“ಪಪ್ಪಾ ಕಿವಿ ಮಶೀನ್ ತಗದಿಟ್ಟ ಮಲಗ್ತಾರ. ಅವರಿಗೇನ್ ಕೇಳಸ್ತದ?”

ಮೈಯೆಲ್ಲ ಉರಿದುಹೋಯಿತು. ಆಂಟಾಪ್ ಹಿಲ್‌ನ ಒಂದೇ ಖೋಲಿಯ ಮನೆಯಲ್ಲಿ ಇವಳನ್ನು ಬೆಳೆಸಿದವಳು ನಾನು. ಇವಳು ಮಗ್ಗುಲು ಬದಲಿಸಿದರೂ ನನಗೆ ಎಚ್ಚರವಾಗುತ್ತಿತ್ತು. ನನಗೇ ಕೂಸು ಸಾಕುವ ಪಾಠ ಹೇಳುತ್ತಾಳೆಯೇ! ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಡಬೇಕೆಂದಿದ್ದೆ. ಆದರೆ ಅವಳು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಅದಕ್ಕೇ ಸಿಟ್ಟು ಇನ್ನಷ್ಟು ಏರಿತು.

ನಮ್ಮವರಿಗೆ ಹೃದಯದ ಆಪರೇಶನ್ ಆದಾಗ ನನಗೆ ಕಣ್ಣಿಗೆ ಕಣ್ಣು ಹತ್ತುತ್ತಿರಲಿಲ್ಲ. ಕೆಲವು ದಿನಗಳ ಮಟ್ಟಿಗೆ ಎಂದು ಡಾಕ್ಟರು ಗುಳಿಗೆ ಬರೆದುಕೊಟ್ಟರು. ಗಂಡ ಗುಣವಾಗಿ ಓಡಾಡತೊಡಗಿದರು, ಗುಳಿಗೆ ಮಾತ್ರ ನನ್ನನ್ನು ಬಿಡಲಿಲ್ಲ. ವರ್ಷಗಳು ಉರುಳಿದವು. ಅದೇ ಹಳೆಯ ಚೀಟಿ ತೋರಿಸಿದರೆ ಮೆಡಿಕಲ್ ಅಂಗಡಿಯವನು ಕೊಟ್ಟುಬಿಡುತ್ತಿದ್ದ. ಅದರಿಂದ ಬರುತ್ತಿದ್ದದ್ದು ನಿದ್ದೆಯಲ್ಲ, ಎಚ್ಚರ ತಪ್ಪಿ ಬಿದ್ದಂತೆ ಇರುತ್ತಿತ್ತು. ಬೆಳಿಗ್ಗೆ ತಲೆ ಭಾರ, ಕಾಲು ತೂರಾಟ, ಸಾರಿಗೆ ಉಪ್ಪು ಹಾಕಿದ್ದು ಮರೆತು ಮತ್ತೊಮ್ಮೆ ಹಾಕುವುದು.

ಮಗಳು ಹೋದ ಕೂಡಲೇ ಗುಳಿಗೆಗಳನ್ನೆಲ್ಲ ಕಸದ ಡಬ್ಬಿಗೆ ಎಸೆದೆ. ಹಟವೆಂದರೆ ಹಟ! ಅದರ ಫಲವನ್ನೂ ಉಂಡೆ. ನಿದ್ದೆ ಪೂರ್ತಿ ಹಾರಿಹೋಯಿತು, ಎದೆ ಡವಡವ, ರೊಟ್ಟಿ ಬಡಿಯಲು ಕೂತರೆ ಕೈ ನಡುಗಿ ಹಿಟ್ಟೇ ನಿಲ್ಲುತ್ತಿರಲಿಲ್ಲ. ನಮ್ಮವರು ಗಾಬರಿಯಾಗಿ ನನ್ನನ್ನು ರಿಕ್ಷಾದಲ್ಲಿ ಕೂರಿಸಿ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿದ್ದವಳು ಸೋಲಾಪುರದ ಹುಡುಗಿ ಡಾಕ್ಟರು. ನಾವು ಕನ್ನಡದವರೆಂದು ತಿಳಿದದ್ದೇ ತಡ, ಮರಾಠಿ ಬೆರೆಸಿದ ಕನ್ನಡದಲ್ಲೇ ಬೈಯಲು ಶುರು ಮಾಡಿದಳು.

“ಕಾಕೂ, ಇಷ್ಟ ವರ್ಷದ ಗುಳಿಗಿ ಹಿಂಗ ಏಕದಂ ಬಿಡತಾರೇನ್ರಿ? ಫಿಟ್ಸ್ ಬರ್ತಾವ! ಹಳೂಕ ಕಮೀ ಮಾಡೋಣ. ನಾ ಹೇಳಿದಷ್ಟ, ನಾ ಹೇಳಿದಾಗ.”

ಬಿಟ್ಟ ಗುಳಿಗೆಯನ್ನು ಮತ್ತೆ ಶುರು ಮಾಡಿಸಿದಳು. ಸ್ವಲ್ಪ ಸ್ವಲ್ಪವೇ ಪ್ರಮಾಣ ಇಳಿಸುತ್ತ, ಪ್ರತಿ ಸಲವೂ ಕರೆಸಿ ನೋಡುತ್ತಿದ್ದಳು. ಅದರ ಜೊತೆಗೆ ಅವಳ ಕಾಯಿದೆಗಳು ಬೇರೆ. ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ದಿನವೂ ಒಂದೇ ಹೊತ್ತಿಗೆ ಏಳಬೇಕು. ನಿದ್ದೆ ಬಾರದಿದ್ದರೆ ಹೊರಳಾಡುತ್ತ ಬಿದ್ದಿರದೆ ಎದ್ದು ಹೊರಗಿನ ಕೋಣೆಯಲ್ಲಿ ಕೂರಬೇಕು. ಮೊಬೈಲು ಹಾಸಿಗೆಯ ಹತ್ತಿರ ಬರಕೂಡದು. ಮಧ್ಯಾಹ್ನದ ಊಟದ ನಂತರ ಚಹಾ ಕುಡಿಯಕೂಡದು, ಮಲಗಲೂ ಕೂಡದು. ಜೋಳದ ರೊಟ್ಟಿ, ಎಣ್ಣೆಗಾಯಿ ಉಂಡು ಮಲಗಬೇಡ ಎಂದರೆ ಅದೇನು ಸಣ್ಣ ಶಿಕ್ಷೆಯೇ? ನಮ್ಮವರು ಎದುರಿಗೇ ಗೊರಕೆ ಹೊಡೆಯುತ್ತಿದ್ದರು. ನಾನು ಅವರನ್ನು ದುರುಗುಟ್ಟಿ ನೋಡುತ್ತ ಸೊಪ್ಪು ಸೋಸುತ್ತಿದ್ದೆ.

ಮೊದಲು ಇಳಿಸಿದಾಗ ಅಷ್ಟೇನೂ ತೊಂದರೆಯಾಗಲಿಲ್ಲ. ಆಮೇಲೆ ಗಾಡಿ ನಿಂತುಬಿಟ್ಟಿತು. ಹೇಳಿದ್ದನ್ನೆಲ್ಲ ಮಾಡಿದರೂ ನಿದ್ದೆ ಇಲ್ಲ. ಈ ಜನ್ಮದಲ್ಲಿ ಮೊಮ್ಮಗಳು ನನ್ನ ಪಕ್ಕ ಮಲಗುವುದಿಲ್ಲ ಎಂದು ಅಡುಗೆಮನೆಯಲ್ಲಿ ನಿಂತು ಅತ್ತೆ. ಮುಂದಿನ ಸಲ ಹೋದಾಗ ಡಾಕ್ಟರು ಕೇಳಿದಳು, “ಕಾಕೂ, ಚಹಾ?”

“ಮುಂಜಾನೆ ಅಷ್ಟ. ಊಟ ಆದಮ್ಯಾಲೆ ಮುಟ್ಟಂಗಿಲ್ಲ,” ಎಂದು ಎದೆ ತಟ್ಟಿ ಹೇಳಿದೆ.

ಪಕ್ಕದಲ್ಲಿದ್ದ ನಮ್ಮವರು ಕೆಮ್ಮಿದರು. “ಮತ್ತ ಅರ್ಧಾ ಕಪ್ಪು?”

“ಅದೆಲ್ಲಿ ಚಹಾ ಆತ್ರೀ?” ಎಂದು ನಾನು ರೇಗಿದೆ. ಡಾಕ್ಟರು ನಕ್ಕೂ ನಕ್ಕೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಸೋಲಾಪುರದವಳಲ್ಲವೇ, ಹೆಚ್ಚು ಹೇಳಬೇಕಾಗಲಿಲ್ಲ.

ನಮ್ಮ ಕಡೆ ಯಾರ ಮನೆಗೆ ಹೋದರೂ ಚಹಾ ಬೇಡ ಎನ್ನುವಂತಿಲ್ಲ, ಅಂದರೆ ಆ ಮನೆಗೆ ಅವಮಾನ. ಅದಕ್ಕೇ “ಅರ್ಧಾ ಕಪ್ ಸಾಕ್ರೀ” ಎನ್ನುತ್ತೇವೆ. ಅದು ಮರ್ಯಾದೆಗೆ ಕುಡಿಯುವುದು, ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮ ಬಿಲ್ಡಿಂಗಿನ ತುಂಬ ಬೆಳಗಾವಿ, ವಿಜಯಪುರ, ಧಾರವಾಡದವರೇ. ಸಂಜೆಯಾದರೆ ಒಬ್ಬರ ಮನೆಗೆ ಕರಿಬೇವು ಕೇಳಲು, ಇನ್ನೊಬ್ಬರ ಮನೆಗೆ ಸೊಸೆಯ ಸೀರೆ ನೋಡಲು, ಮತ್ತೊಬ್ಬರ ಮನೆಗೆ ಮೊಣಕಾಲು ವಿಚಾರಿಸಲು ಹೋಗುತ್ತಿದ್ದೆ. ಎಲ್ಲ ಕಡೆಯೂ ಶುಂಠಿ ಜಜ್ಜಿ ಹಾಕಿದ ಖಡಕ್ ಚಹಾ, ಎಲ್ಲ ಕಡೆಯೂ ಅರ್ಧ ಕಪ್ಪು. ಹೀಗೆ ಮರ್ಯಾದೆಯ ಹೆಸರಿನಲ್ಲಿ ನಾನು ದಿನವೂ ಒಂದು ಕಿಟ್ಲಿ ಚಹಾ ಕುಡಿದು ರಾತ್ರಿ ನಿದ್ದೆ ಬರಲಿಲ್ಲ ಎಂದು ದೇವರನ್ನು ಬೈಯುತ್ತಿದ್ದೆ!

ಬಿಟ್ಟೆ. ಬಿಟ್ಟದ್ದೇ ಜಗಳ ಶುರುವಾಯಿತು. ಮೇಲಿನ ಮಹಡಿಯ ವಿಜಯಪುರದ ಗೆಳತಿ ಮುಖ ಊದಿಸಿಕೊಂಡಳು. ಒಂದು ದಿನ ತುಂಬಿದ ಲಿಫ್ಟಿನಲ್ಲಿ, “ಈಗ ನಮ್ಮ ಮನಿ ಚಹಾ ಇವರಿಗೆ ನಡಿಯಂಗಿಲ್ಲಂತ,” ಎಂದು ನನಗೆ ಕೇಳುವಂತೆ ಚುಚ್ಚಿದಳು. ಗುಳಿಗೆಯ ವಿಷಯ ನಾನು ಹೊರಗೆ ಯಾರಿಗೂ ಹೇಳಿರಲಿಲ್ಲ. ಅವತ್ತು ತಲೆ ಕೆಟ್ಟುಹೋಯಿತು.

“ನಿನ್ನ ಚಹಾಕ್ಕ ಏನೂ ಆಗಿಲ್ಲವಾ. ನಾ ನಿದ್ದಿ ಗುಳಿಗಿ ಬಿಡಾಕತ್ತೇನಿ. ಬಿಡೂ ತನಕ ಮಗಳು ಮೊಮ್ಮಗಳನ್ನ ನನ್ನ ಹತ್ರ ಮಲಗಸಂಗಿಲ್ಲ. ನಿನ್ನ ಮರ್ಯಾದಿ ದೊಡ್ಡದೋ, ನನ್ನ ಕೂಸು ದೊಡ್ಡದೋ? ನೀನ ಹೇಳು!”

ನನ್ನ ಮಹಡಿ ಬಂತು, ಇಳಿದೆ. ಗೆಳತಿಯೂ ಇಳಿದು ನನ್ನ ಹಿಂದೆಯೇ ಬಂದು ದನಿ ತಗ್ಗಿಸಿ, “ಅಕ್ಕಾ, ನಾನೂ ತೊಗೋತೇನ್ರಿ ಆ ಗುಳಿಗಿ. ಮನ್ಯಾಗ ಯಾರಿಗೂ ಗೊತ್ತಿಲ್ಲ. ಆ ಡಾಕ್ಟರ್ ಎಲ್ಲಿ ಕೂಡ್ತಾಳ?” ಎಂದಳು. ಮರುದಿನ ಸಂಜೆ ಅವಳ ಮನೆಯಲ್ಲಿ ನನ್ನ ಮುಂದೆ ಜೀರಿಗೆ ಹಾಕಿದ ಮಜ್ಜಿಗೆ ಬಂತು. ನೋಡನೋಡುತ್ತ ಉಳಿದ ಮನೆಗಳಲ್ಲೂ ಮಜ್ಜಿಗೆಯ ತಂಬಿಗೆ ಹೊರಬಂದಿತು. ಬಿಲ್ಡಿಂಗ್ ಗೆದ್ದೆ!

ನಿದ್ದೆ ಒಮ್ಮೆಲೇ ಏನೂ ಬರಲಿಲ್ಲ. ಬಂತು, ಹೋಯಿತು, ಮುನಿಸಿಕೊಂಡಿತು, ಕಡೆಗೆ ನೆಲೆ ನಿಂತಿತು. ಗುಳಿಗೆಯ ಕೊನೆಯ ಚೂರನ್ನೂ ಬಿಟ್ಟ ಮೇಲೆ ಡಾಕ್ಟರು ಕೆಲವು ವಾರ ಕಾದು ನೋಡಿ, “ಝಾಲಂ ಕಾಕೂ, ಮುಗೀತು, ಗೆದ್ರಿ!” ಎಂದಳು. ಅವಳ ಕೆನ್ನೆ ಹಿಂಡಿ, ಹೊರಗೆ ಬಂದು ಪೇಢೆ ಕೊಂಡು, ವಾಚ್‌ಮನ್‌ನಿಂದ ಹಿಡಿದು ಮೇಲಿನ ಮಹಡಿಯ ತನಕ ಹಂಚಿದೆ. ಯಾಕೆ ಎಂದು ಕೇಳಿದವರಿಗೆ, ನನಗೆ ನಿದ್ದೆ ಬಂತು ಎಂದೆ.

ಮಗಳೇನು ಅಷ್ಟಕ್ಕೇ ನಂಬುವವಳೇ? ರಜೆಯ ರಾತ್ರಿಗಳಲ್ಲಿ ತಾನೂ ಬಂದು ಹೊರಗಿನ ಕೋಣೆಯಲ್ಲಿ ಮಲಗಿ ಪರೀಕ್ಷೆ ಮಾಡಿದಳು. ನಾನು ಬಾಯಿ ಮುಚ್ಚಿಕೊಂಡು ಪಾಸಾದೆ. ಆಮೇಲೆ ಒಂದು ಸಂಜೆ ಕೂಸನ್ನು ನನ್ನ ಕೈಗಿತ್ತು, ತಿರುಗಿ ತಿರುಗಿ ನೋಡುತ್ತ ಪಾಳಿಗೆ ಹೋದಳು.

ಬೆಳಿಗ್ಗೆ ಅವಳು ಬೆಲ್ ಒತ್ತುವ ಮೊದಲೇ ಬಾಗಿಲು ತೆರೆದೆ. ಹೆಗಲಿನ ಬ್ಯಾಗೂ ಇಳಿಸದೆ ಕೇಳಿದಳು:

“ಅತ್ತಳೇನ?”

“ಅತ್ತಳು.”

ಅವಳ ಮುಖ ಸಣ್ಣದಾಯಿತು. “ಮತ್ತ?”

“ಮತ್ತೇನು, ನಾ ಎದ್ದೆ.”